ಚೌಕದ ಅಂಚಿನಲ್ಲಿ

ಬ್ರೋಕನ್ ಹಿಲ್‌ನ ಮೋಟೆಲಿನಲ್ಲಿ
ರಾತ್ರಿಯಿಡೀ ಇಳಿಯುತ್ತಿತ್ತು ನಕಾಶೆ,
ತೊಟ್ಟಿಕ್ಕುವ ನಲ್ಲಿಗೆ ಕೊಡ ಇಟ್ಟ ಹಾಗೆ.
ನಾನೇ ಬೆರಳಲ್ಲಿ ಎಳೆದ ಚೌಕ:
ಮೇಲೆ ಟಿಬೂಬುರಾ, ಬಲಕ್ಕೆ ವೈಟ್ ಕ್ಲಿಫ್ಸ್,
ಕೆಳಗೆ ಈ ಊರು, ಈ ಮಂಚ, ಈ ಚಾರ್ಜರು.
ಬೆಳಗಿಗೆ ನೂರಕ್ಕೆ ನೂರು. ಮೂವತ್ತು ದಿನ ವಾಯಿದೆ.
ಮೊಸರಿನ ಡಬ್ಬಿಯ ಹಾಗೆ ಭೂಮಿಗೂ
ಕೆಡುವ ತಾರೀಖು ಬಂತಲ್ಲ ಎಂದು ನಕ್ಕೆ.

ವ್ಯಾನಿನ ಮುಂಗಾಜಿಗೆ ಹಳೆಯ ಜಿಪಿಎಸ್
ರಬ್ಬರಿನ ಬಾಯಲ್ಲಿ ಕಚ್ಚಿಕೊಂಡಿತ್ತು ಇನ್ನೂ.
ನನಗಿಂತ ಮುಂಚೆ ಒಂಬತ್ತು ವರ್ಷ
ಈ ಕಿವಿಪರೀಕ್ಷೆಯ ವ್ಯಾನು ಓಡಿಸಿದ
ಲೊರೇನ್ ಎಂಬಾಕೆಯದು.
ಅದಕ್ಕೆ ಬೇರೇನೂ ಬಾರದು. ಫೋನು ಮಾಡದು,
ಫೋಟೋ ತೆಗೆಯದು, ಯಾರ ಹುಟ್ಟುಹಬ್ಬವನ್ನೂ ನೆನಪಿಸದು.
ದಾರಿ ಹೇಳುವುದೊಂದೇ ಕಸುಬು,
ಅದೂ ಅರ್ಧ ತಪ್ಪು.
ರಸ್ತೆಯನ್ನು ಹೊಸದಾಗಿ ಎಳೆದ ಕಡೆಯೆಲ್ಲ
ಅದರ ಪರದೆಯಲ್ಲಿ ನಾನು
ಕುರಿ ಮೇಯುವ ಬಯಲಲ್ಲಿ ತೇಲುತ್ತಿದ್ದೆ.
‘ಸಾಧ್ಯವಾದಲ್ಲಿ ಹಿಂದಿರುಗಿ’ ಎನ್ನುತ್ತಿದ್ದಳು ಒಳಗಿನವಳು,
ಹತ್ತು ಸಲ, ಒಂದಿಷ್ಟೂ ದನಿ ಏರಿಸದೆ.
ಕಿತ್ತು ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ತುರುಕಿದೆ.
ಗಾಜಿನಲ್ಲಿ ಉಳಿಯಿತು ಉಂಗುರ,
ಕಾಫಿ ಲೋಟ ಎತ್ತಿದ ಮೇಲಿನ ಗುರುತು.

ಪ್ಯಾಕ್‌ಸ್ಯಾಡಲ್ ದಾಟಿ ಸಿಗ್ನಲ್ಲು ಸತ್ತಿತು.
ಚುಕ್ಕಿ ಸಾಯಲಿಲ್ಲ.
ಉಪಗ್ರಹಕ್ಕೆ ಸಿಮ್ಮು ಬೇಡ, ರೀಚಾರ್ಜು ಬೇಡ,
ಅದು ಹೇಳುತ್ತಲೇ ಇರುತ್ತದಂತೆ,
ಕೇಳುವ ಕಿವಿಯಿದ್ದರಾಯಿತು.
ಕಿವಿಯ ವಿಷಯ ನನಗೆ ಗೊತ್ತಿದ್ದದ್ದೇ.

ಡೆಸ್ ಕ್ವಿಲ್ಟಿಗೆ ಎಪ್ಪತ್ತಾರು.
ಮೂವತ್ತೊಂದು ವರ್ಷ ಗ್ರೇಡರ್ ಯಂತ್ರ ಏರಿ
ಈ ಕೆಂಪು ರಸ್ತೆಗಳ ಬೆನ್ನು ಕೆರೆದವನು.
ಹೆಡ್‌ಫೋನು ತೊಡಿಸಿ ಗುಂಡಿ ಕೊಟ್ಟೆ.
ದಪ್ಪ ದನಿಗೆಲ್ಲ ಒತ್ತಿದ, ಸರಿಯಾಗಿ.
ನಾಲ್ಕು ಸಾವಿರಕ್ಕೆ ಬಂದಾಗ ಗೆರೆ
ಬಾವಿಗೆ ಕಾಲು ಜಾರಿದಂತೆ ಬಿತ್ತು.
ಬೆರಳು ಸುಮ್ಮನೆ ಕೂತಿತ್ತು ಗುಂಡಿಯ ಮೇಲೆ.
ಕಣ್ಣು ನನ್ನ ಮುಖದಲ್ಲಿ ಸದ್ದು ಹುಡುಕುತ್ತಿತ್ತು.

ಹೊರಡುವಾಗ ಫೋನು ನೋಡಿದರೆ
ಮುಂದಿನ ಮನೆ ಚೌಕದ ಆಚೆ.
ಬೆರಳಗಲ ಜಿಪುಣತನ ಮಾಡಿದ್ದೆ ಮೋಟೆಲಿನಲ್ಲಿ.
ಅಲ್ಲಿಂದ ಮುಂದೆ ಬೂದಿ ಬಣ್ಣ.
ಕನ್ನಡಕ ಏರಿಸಿ ಇಣುಕಿದ ಡೆಸ್.
ಬೂದಿಯನ್ನಲ್ಲ, ಬಣ್ಣವಿದ್ದ ಕಡೆಯೇ ಬೆರಳಿಟ್ಟು,
ಕಿವುಡರ ದೊಡ್ಡ ದನಿಯಲ್ಲಿ:
‘ಇದೂ ಇಲ್ಲ ಅಲ್ಲಿ! ಪ್ರವಾಹ ಬಂದ ವರ್ಷ
ಇಡೀ ರಸ್ತೆ ನಾನೇ ಎತ್ತಿ ಪೂರ್ವಕ್ಕಿಟ್ಟೆ.’

ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು, ನಿಜ,
ಇಲ್ಲಿ ಬಾಯಿ ನನ್ನದು, ಕೇಳಿಸದ್ದು ಅವನಿಗೆ,
ಆದರೂ ಕೆಲಸ ನಡೆಯಿತು.
ಅವನ ಕಿವಿಯ ಗೆರೆ ಬರೆದ ಹಾಳೆಯನ್ನೇ ಮಗುಚಿ
ನನ್ನ ಪೆನ್ನು ಕಸಿದು ಬರೆದುಕೊಟ್ಟ:
ಮೂರನೇ ಗೇಟು (ಮುಚ್ಚಲೇಬೇಕು),
ರೆಕ್ಕೆ ಮುರಿದ ಗಾಳಿಯಂತ್ರ,
ಟಪಾಲು ಹಾಕುವ ಹಳೆಯ ಫ್ರಿಜ್ಜು, ಬಾಗಿಲಿಗೆ ಹಸಿರು ಬಣ್ಣ,
ಅಲ್ಲಿ ಎಡಕ್ಕೆ. ಫ್ರಿಜ್ಜು ಬಿಳಿಯಾಗಿದ್ದರೆ
ಬಹಳ ಮುಂದೆ ಬಂದಿರಿ.

ಹೊರಟೆ. ಫೋನಿನಲ್ಲಿ ನಾನಿದ್ದೆ, ನೆಲವಿರಲಿಲ್ಲ.
ಚುಕ್ಕಿ ಬೂದಿಯಲ್ಲಿ ಧೈರ್ಯವಾಗಿ ಜರುಗುತ್ತಿತ್ತು.
ಎಷ್ಟೋ ಹೊತ್ತಿನ ಮೇಲೆ, ಹಸಿರು ಬಾಗಿಲು.

ಆ ರಾತ್ರಿ ವ್ಯಾನಿನಲ್ಲೇ ಮಲಗಿ
ಸುಮ್ಮನೆ ಪೆಟ್ಟಿಗೆ ತೆರೆದು ಹಳೆಯದನ್ನು ಎಬ್ಬಿಸಿದೆ,
‘ಮನೆ’ ಎಂಬ ಚಿತ್ರ ಒತ್ತಿದೆ.
ಬಹಳ ಹೊತ್ತು ಆಕಾಶ ಹುಡುಕಿ ಹೇಳಿತು:
ಏಳುನೂರ ಹನ್ನೆರಡು ಕಿಲೋಮೀಟರು, ಮಿಲ್ಡ್ಯೂರಾ,
ತಲುಪುವ ಹೊತ್ತು ಬೆಳಗಿನ ಜಾವ ನಾಲ್ಕು.
ಲೊರೇನ್ ಆ ಮನೆ ಮಾರಿ ಎರಡು ವರ್ಷ.
ಅಳಿಸಲು ಹೋಗಿ, ಬಿಟ್ಟೆ.
ನನ್ನ ಫೋನಿನಲ್ಲಿ ಮನೆ ಅಂತ ಇರುವುದು
ಮೊನ್ನೆಯ ಮೋಟೆಲು, ಯಾವಾಗ ಒತ್ತಿದೆನೋ.

ಡೆಸ್‌ನ ಹಾಳೆ ಕಚೇರಿಗೆ ಕೊಡಬೇಕು.
ಕೊಡುವ ಮುಂಚೆ
ಎರಡೂ ಬದಿ ಫೋಟೋ ತೆಗೆದಿಟ್ಟುಕೊಂಡೆ.